ಎರಡನೆಯ ಒಬ್ಬೆ

ಬ್ಯಾಡಗಿಯ ನಿವೃತ್ತ ಶಿಕ್ಷಕ ಅಣ್ಣಾಜಿಯವರಿಗೆ ಸಾಕ್ಷಿ ಹೇಳಲು ಬರಬೇಕೆಂದು ಹಾವೇರಿ ಕೋರ್ಟಿನಿಂದ ಸಮನ್ಸ್ ಬಂದಾಗ, ಅವರಿಗೆ ಕಳ್ಳನ ಹೆದರಿಕೆ ಆಗಲಿಲ್ಲ. ಹೆಂಡತಿಯ ಹೆದರಿಕೆ ಆಯಿತು.

ಪಕ್ಕದ ಮನೆಯ ಚಾಂದಸಾಬನ ಮೋಟಾರ್ ಸೈಕಲ್ಲನ್ನು ಬಸ್ ನಿಲ್ದಾಣದ ಬಳಿ ಕಳ್ಳನೊಬ್ಬ ಕದ್ದೊಯ್ಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕಂಡದ್ದು ಜಿಲೇಬಿ ಗಾಡಿಯ ಮುಂದಿನ ಬೆಂಚಿನ ಮೇಲೆ ಕೂತು. ಸಕ್ಕರೆ ಕಾಯಿಲೆಯ ಗಂಡ ದಿನಾ ಸಂಜೆ ಮೋಟೆಬೆನ್ನೂರು ರಸ್ತೆಯಲ್ಲಿ ಮೂರು ಕಿಲೋಮೀಟರು ನಡೆಯುತ್ತಾರೆಂದು ಕಾಶೀಬಾಯಿ ನಂಬಿದ್ದರು. ಇಷ್ಟು ನಡೆದರೂ ಸಕ್ಕರೆ ಇಳಿಯದಿದ್ದಾಗ ಮೊದಲು ಅನ್ನ ಬಿಡಿಸಿದರು, ಆಮೇಲೆ ಮಾವಿನಹಣ್ಣು ಬಿಡಿಸಿದರು, ಈಗ ಬೆಳಿಗ್ಗೆ ಎದ್ದ ಕೂಡಲೇ ಹಾಗಲಕಾಯಿ ರಸ ಕುಡಿಸುತ್ತಿದ್ದರು.

"ನಾನೂ ಬರತೀನಿ. ಒಬ್ಬರ ಹೋದ್ರ ಅಂಜತೀರಿ" ಎಂದರು ಕಾಶೀಬಾಯಿ.

"ನಿನಗ್ಯಾಕ ತ್ರಾಸು? ಬಿಸಿಲು ಭಾಳ ಅದ."

"ಬರಲಿ ಬಿಡ್ರಿ ಮಾಸ್ತರ. ವೈನಿ ಇದ್ರ ನಿಮಗೂ ಧೈರ್ಯ" ಎಂದ ಚಾಂದಸಾಬ, ಬಸ್ಸಿನಲ್ಲಿ ಕಾಶೀಬಾಯಿಗೆ ಕಿಟಕಿ ಪಕ್ಕದ ಸೀಟನ್ನೇ ಹಿಡಿದುಕೊಟ್ಟ.

ಕೋರ್ಟಿನಲ್ಲಿ ಸಾಕ್ಷಿದಾರರಿಗೆಂದೇ ಒಂದು ಸಹಾಯ ಕೊಠಡಿ ಇತ್ತು. ಅಲ್ಲಿನ ಅಧಿಕಾರಿ ಸುರೇಖಾ ಎಲ್ಲರನ್ನೂ ಫ್ಯಾನಿನ ಕೆಳಗೆ ಕೂರಿಸಿ, ಕುಡಿಯಲು ನೀರು ಕೊಟ್ಟರು. "ಆರೋಪಿ ಮಾರಿ ನೋಡಾಕ ಅಂಜಿಕಿ ಆದ್ರ ಹೇಳ್ರಿ ಸರ್. ಸಾಹೇಬರನ್ನ ಕೇಳಿ, ಒಳಗಿನ ಖೋಲ್ಯಾಗ ಕುಂತು ಕ್ಯಾಮೆರಾದಾಗ ಹೇಳೂ ಹಂಗ ಮಾಡತೇವಿ. ಮನಿಯವರು ಜೋಡಿ ಕುಂದರಾಕೂ ಅಡ್ಡಿ ಇಲ್ಲ."

ಅಣ್ಣಾಜಿಯವರ ಮುಖ ಅರಳಿತು. ಅಧಿಕಾರಿಯನ್ನು ಬಾಗಿಲ ಬಳಿ ಕರೆದು ಪಿಸುಗುಟ್ಟಿದರು: "ಭಾಳ ಅಂಜಿಕಿ ಅದ್ರೀ. ಆದ್ರ ಒಳಗ ನಾ ಒಬ್ಬನ ಸಾಕು. ಇಕಿನ್ನ ಬ್ಯಾರೆ ಕಡೆ ಕೂಡಸ್ರಿ. ಇಕಿ ಮುಂದ ನನ್ನ ನಾಲಿಗಿ ಹೊಳ್ಳೂದಿಲ್ಲ."

"ಆತು ಸರ್. ಅವರಿಗೆ ಛಲೋ ಜಾಗಾ ನೋಡತೇನಿ."

ನ್ಯಾಯಾಧೀಶರು ಒಪ್ಪಿದರು. ಖೋಲಿಯ ಬಾಗಿಲು ಮುಚ್ಚಿತು. ಎದುರಿನ ಸಣ್ಣ ಟೀವಿಯಲ್ಲಿ ನ್ಯಾಯಾಧೀಶರು, ಇಬ್ಬರು ವಕೀಲರು, ಅಷ್ಟೇ. ಅಣ್ಣಾಜಿ ಪಾಠ ಬಾಯಿಗೆ ಬಂದ ಹುಡುಗನಂತೆ ನೆಟ್ಟಗೆ ಕೂತು ಪ್ರಮಾಣ ಮಾಡಿದರು.

ಆರೋಪಿಯ ವಕೀಲ ಕೇಳಿದ: "ಕಳವು ಆರೂ ಹತ್ತಕ್ಕ ಆತು ಅಂತೀರಿ. ಗಡಿಯಾರ ನೋಡಿದ್ರೇನು?"

"ಇಲ್ಲರಿ. ಮೊದಲನೇ ಒಬ್ಬೆ ಜಿಲೇಬಿ ಕಡಾಯಿಯಿಂದ ಆರಕ್ಕ ಇಳೀತದ. ಎರಡನೇದು ಆರೂ ಹತ್ತಕ್ಕ. ಅದು ಇಳಿಯೂದಕ್ಕೂ ಆ ಕಳ್ಳ ಮೋಟಾರ್ ಸೈಕಲ್ ಚಾಲೂ ಮಾಡೂದಕ್ಕೂ ಸರಿಹೋತು."

"ಎರಡನೇದೂ ತಿಂದ್ರೇನು?"

"ಮೊದಲನೇದು ಮುಗದಿತ್ತಲ್ರಿ."

"ಈ ವೇಳ್ಯಾ ನಿಮಗ ಅಷ್ಟು ಖಾತ್ರಿ ಹೆಂಗ?"

"ಎರಡು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲರಿ. ಐತವಾರ ಮೂರನೇದೂ ಇರ್ತದ."

ವಕೀಲ ಫೈಲು ಮುಚ್ಚಿದ. ಇಷ್ಟು ಸ್ಪಷ್ಟವಾದ ಸಾಕ್ಷಿ ಅಪರೂಪವೆಂದು ನ್ಯಾಯಾಧೀಶರೇ ಹೇಳಿದರು.

ಅಣ್ಣಾಜಿ ಎದೆಯುಬ್ಬಿಸಿ ಹೊರಬಂದರು. ಚಾಂದಸಾಬ ಯಾಕೋ ನೆಲ ನೋಡುತ್ತಿದ್ದ. ಸುರೇಖಾ ನಗುತ್ತಾ ಎದುರಾದರು. "ಅಮ್ಮಾರಿಗೆ ಕೋರ್ಟಿನ ಒಳಗ ಮುಂದಿನ ಸಾಲಿನಾಗ ಜಾಗಾ ಮಾಡಿಕೊಟ್ಟೆ ಸರ್. ಅಲ್ಲಿ ಎಲ್ಲಾರೂ ನಿಮ್ಮನ್ನ ದೊಡ್ಡ ಪರದೇ ಮ್ಯಾಲ ನೋಡಿದ್ರು."

ಅವರ ಹಿಂದೆಯೇ ಕಾಶೀಬಾಯಿ ಬಂದರು. ಶಾಂತವಾಗಿಯೇ ಇದ್ದರು.

"ಛಲೋ ಹೇಳಿದ್ರಿ. ಗ್ವಾಡಿ ತುಂಬ ನಿಮ್ಮ ಮಾರೀನ ಇತ್ತು. ಜಿಲೇಬಿ ಅಂದಾಗೊಮ್ಮೆ ಬಾಯಾಗ ನೀರು ಬಂದದ್ದೂ ಕಾಣಿಸ್ತು."