ಖಾರದ ಗಿರಣಿಯ ಗುಟ್ಟುಗಳು

ಖಾರ ಕುಟ್ಟುವ ಗಿರಣಿ ಇಟ್ಟವರಿಗೆ ಸೀನು ಎಷ್ಟು ಬರುತ್ತದೋ ನಗುವೂ ಅಷ್ಟೇ ಬರುತ್ತದೆ. ಎರಡನ್ನೂ ತಡೆಯಲು ಇರುವುದು ಒಂದೇ ಸೆರಗು. ಈಗ ನಾನು ಭೋಪಾಲದಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಮಸಾಲೆ ಪಾಕೀಟಿನಲ್ಲಿ ಬರುತ್ತದೆ, ಯಾರಿಗೂ ಯಾರ ಮೇಲೂ ಸಂಶಯವಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ನಮ್ಮ ಹಾರೂಗೇರಿಯಲ್ಲಿ ಹಾಗಿರಲಿಲ್ಲ. ಬೇಸಿಗೆ ಬಂತೆಂದರೆ ಹೆಣ್ಣುಮಕ್ಕಳು ವರ್ಷದ ಮಸಾಲೆಖಾರಕ್ಕೆ ಮೆಣಸಿನಕಾಯಿ, ಒಣಕೊಬ್ಬರಿ, ಕೊತ್ತಂಬರಿ ಬೀಜ, ಕರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊತ್ತು ನಮ್ಮ ಗಿರಣಿಗೆ ಬರುತ್ತಿದ್ದರು. ಯಂತ್ರ ನಡೆಸುವವರು ನಮ್ಮ ಯಜಮಾನರು, ಡಬ್ಬಿ ತುಂಬುವವಳು ನಾನು. ಒಬ್ಬರ ಖಾರ ಇನ್ನೊಬ್ಬರಿಗೆ ಹೋಗಬಾರದು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಬಾರದು. ಎರಡರಲ್ಲಿ ಒಂದು ತಪ್ಪಿದರೂ ಊರಿನ ಬುಟ್ಟಿಗಳೆಲ್ಲ ಬಸ್ ಸ್ಟ್ಯಾಂಡ್ ಹಿಂದಿನ ಗಿರಣಿಗೆ ನಡೆದುಬಿಡುತ್ತಿದ್ದವು.

ಮೊದಲ ಪಾಳಿ

ಬೆಳಗಿನ ಮೊದಲ ಪಾಳಿ ಯಾರಿಗೂ ಬೇಡ. ತೊಳೆದ ಯಂತ್ರ ಮೊದಲು ಬಂದವರ ಖಾರ ಒಂದು ಹಿಡಿ ತಿನ್ನುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಬೇಕಾಗಿದ್ದದ್ದು ಜೈನರ ಮನೆಯ ಒಬ್ಬ ಅಜ್ಜಿಗೆ ಮಾತ್ರ. ಅವರು ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವವರಲ್ಲ.

ಒಂದು ದಿನ ಮುಗಳಖೋಡದಿಂದ ಮೊದಲ ಬಸ್ಸಿಗೆ ಬಂದವಳೊಬ್ಬಳು ಬಳ್ಳೊಳ್ಳಿ ಬುಟ್ಟಿಯೊಂದಿಗೆ ಬಾಗಿಲಲ್ಲೇ ಕೂತಿದ್ದಳು.

“ನಿನ್ನ ಬಳ್ಳೊಳ್ಳಿ ಹಿಂದ ನನ್ನ ಖಾರ ಹಾಕಿದ್ರ ನನ್ನ ನೇಮ ಏನಾಗಬೇಕವಾ?” ಎಂದರು ಅಜ್ಜಿ.

“ನನ್ನ ಬಸ್ ತಪ್ಪಿದ್ರ ನನ್ನ ಗಂಡ ಏನಾಗಬೇಕ್ರಿ? ಅಂವಗ ಚಾ ಕಾಸಾಕೂ ಬರೂದಿಲ್ಲ.”

ಅಜ್ಜಿ ಯಂತ್ರದ ಕಡೆ ಕೈ ತೋರಿಸಿ, “ಯಂತ್ರ ತಿನ್ನೂದು ನನ್ನ ಖಾರ. ಅದು ಹೊರಗ ಬರೂದು ನಿನ್ನ ಡಬ್ಬಿಯೊಳಗ” ಎಂದರು.

ಮುಗಳಖೋಡದವಳು ತಕ್ಷಣ ಬುಟ್ಟಿ ಎಳೆದುಕೊಂಡು ಜಾಗ ಬಿಟ್ಟಳು. ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದಳು: “ಬರೂ ವರ್ಷ ಅಜ್ಜಿ ಯಾವತ್ತ ಬರ್ತಾರ ಕೇಳಿ ಇಡ್ರಿ. ನಾನೂ ಅವತ್ತ ಬರ್ತೀನಿ.”

ಹೌದಾದರೆ ಸೀನ್ರಿ

ಒಬ್ಬ ಅತ್ತೆ ಮಸಾಲೆ ಸಾಮಾನನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಸೆರಗಿನೊಳಗೆ ಮುಚ್ಚಿ ತರುತ್ತಿದ್ದಳು. ಸೊಸೆಗೆ ತೋರಿಸುತ್ತಿರಲಿಲ್ಲ. ಆ ಸೊಸೆ ಒಂದು ಮಧ್ಯಾಹ್ನ ಒಬ್ಬಳೇ ಬಂದು ಕೇಳಿದಳು:

“ಅಕ್ಕಾರ, ನಮ್ಮತ್ತಿ ಗಂಟಿನಾಗ ಏನೇನ ಇರ್ತೈತ್ರಿ?”

“ಹೇಳಾಕ ಬರೂದಿಲ್ಲವಾ. ಆಕಿಗೆ ತಿಳದ್ರ ನಮ್ಮ ಗಿರಣಿ ಮೆಟ್ಟಲ ಹತ್ತೂದಿಲ್ಲ.”

“ಹೇಳಬ್ಯಾಡ್ರಿ. ನಾ ಒಂದೊಂದ ಹೆಸರ ಹೇಳ್ತೀನಿ. ಹೌದಾದ್ರ ಬರೇ ಒಂದ ಸೀನ್ರಿ. ಜಾಯಿಕಾಯಿ?”

ಒಳಗೆ ಯಂತ್ರ ಗುಂಟೂರು ಮೆಣಸಿನಕಾಯಿ ಕುಟ್ಟುತ್ತಿತ್ತು. ನಾನು ಸೀನಿದೆ.

“ಲವಂಗ? ಎಳ್ಳು? ಮೆಂತ್ಯೆ? ಓಂಕಾಳ? ಒಣಶುಂಠಿ?”

ಎಲ್ಲಕ್ಕೂ ಸೀನಿದೆ. ಬೇಡ ಬೇಡ ಎಂದು ಕೈ ಆಡಿಸಿದೆ, ಮತ್ತೆ ಸೀನಿದೆ. ಅವಳು ಬೆರಳು ಮಡಚುತ್ತ ಖುಷಿಯಿಂದ ಓಡಿದಳು.

ವಾರದ ಮೇಲೆ ಸಂತೆಯಲ್ಲಿ ಸಿಕ್ಕಳು. ಅವಳ ಖಾರ ಹಾಕಿದ ಬದನೆಕಾಯಿ ಒಂದು ತುತ್ತು ಉಂಡು ಅತ್ತೆ ಕೇಳಿದಳಂತೆ: “ಯವ್ವಾ, ಇದನ್ನ ಊಟಕ್ಕ ಮೊದಲ ತಗೋಬೇಕೋ, ಊಟ ಆದ ಮ್ಯಾಲ?”

ಕೆಂಪು ದಾರ, ಬಿಳಿ ದಾರ

ಅಣ್ಣತಮ್ಮಂದಿರ ಹೆಂಡಂದಿರು ಇಬ್ಬರು, ನಡುವೆ ಒಂದೇ ಗೋಡೆ. ಅತ್ತೆ ಒಂದು ತಿಂಗಳು ಹಿರಿಯಳ ಮನೆಯಲ್ಲಿ ಉಂಡರೆ ಇನ್ನೊಂದು ತಿಂಗಳು ಕಿರಿಯಳ ಮನೆಯಲ್ಲಿ. ಹಿರಿಯಳ ಖಾರ ಅಂದರೆ ಪ್ರಾಣ; ಕಿರಿಯಳ ಮನೆಯಲ್ಲಿ ತಾಟು ಸರಿಸುತ್ತಿದ್ದಳು. ಇಬ್ಬರೂ ಮೆಣಸಿನಕಾಯಿ ತರುತ್ತಿದ್ದದ್ದು ಒಂದೇ ಅಂಗಡಿಯಿಂದ. ಇಬ್ಬರ ಎಣ್ಣೆ ಡಬ್ಬಿಗಳೂ ಒಂದೇ ತರಹ. ಹಿರಿಯಳದಕ್ಕೆ ಕೆಂಪು ದಾರ, ಕಿರಿಯಳದಕ್ಕೆ ಬಿಳಿ ದಾರ ಕಟ್ಟಿರುತ್ತಿತ್ತು.

ಒಂದು ವರ್ಷ ಗದ್ದಲದಲ್ಲಿ ನಾನು ಹಿರಿಯಳ ಖಾರ ಬಿಳಿ ದಾರದ ಡಬ್ಬಿಗೆ, ಕಿರಿಯಳದ್ದು ಕೆಂಪು ದಾರದ ಡಬ್ಬಿಗೆ ತುಂಬಿಬಿಟ್ಟೆ. ಅವರು ಹೋದ ಮೇಲೆ ನೆನಪಾಯಿತು. ಯಜಮಾನರಿಗೆ ಹೇಳಿದರೆ ತಲೆಗೆ ಕೈ ಹಚ್ಚಿ ಕೂತರು. “ಬಾಯಿ ಬಿಡಬ್ಯಾಡ. ತಿಳದ್ರ ಗಿರಣಿಗೆ ಕೀಲಿ ಹಾಕೂದ” ಎಂದರು. ವರ್ಷವಿಡೀ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಕೈಯಲ್ಲಿ ಡಬ್ಬಿ ಇದೆಯೇ ಎಂದು ಮೊದಲು ನೋಡುತ್ತಿದ್ದೆ.

ಮರುವರ್ಷ ಕಿರಿಯಳು ಒಬ್ಬಳೇ ಮುಂಚೆ ಬಂದಳು.

“ಅಕ್ಕಾರ, ಹ್ವಾದ ವರ್ಷ ನೀವು ಡಬ್ಬಿ ಅದಲಿ ಬದಲಿ ಮಾಡಿದ್ದ ನಾ ಕಣ್ಣಾರೆ ನೋಡೇನಿ.”

ನಾನು ಜರಡಿ ಕೆಳಗಿಟ್ಟೆ. “ಮತ್ತ ಯಾಕ ಸುಮ್ಮನಿದ್ದಿಯವಾ?”

“ಮಜಾ ನೋಡೂಣು ಅಂತ. ಅತ್ತಿ ನನ್ನ ಖಾರ ಅಲ್ಲಿ ಅಕ್ಕನ ಮನಿಯಾಗ ಬೆರಳ ಚೀಪಿ ತಿಂದ್ಳು. ಅಕ್ಕನ ಖಾರ ನನ್ನ ಮನಿಯಾಗ ಥೂ ಅಂದ್ಳು. ವರ್ಷ ಪೂರ್ತಿ ಒಳಗ ಕುಂತ ನಕ್ಕೇನಿ. ಈ ವರ್ಷಾನೂ ಹಂಗ ಮಾಡ್ರಿ. ಇಲ್ಲಂದ್ರ ಊರಿಗೆಲ್ಲಾ ಹೇಳ್ತೀನಿ.”

ಗಿರಣಿ ಉಳಿಯಬೇಕಲ್ಲ! ಒಪ್ಪಿಕೊಂಡೆ. ಬೇಕಂತಲೇ ತಪ್ಪು ಡಬ್ಬಿಗೆ ತುಂಬಿ ನೀರು ಕುಡಿಯಲು ಒಳಗೆ ಹೋದೆ. ಆಮೇಲೆ ಇಬ್ಬರೂ ಬಂದು ಡಬ್ಬಿ ಹೊತ್ತು ಮನೆಗೆ ಹೋದರು. ಸಂಜೆ ಯಜಮಾನರು ಮೀಸೆ ತಿರುವುತ್ತ ಹೇಳಿದರು: “ಈ ವರ್ಷಾನೂ ತಪ್ಪ ತುಂಬೀದ್ದಿ. ನೀ ಒಳಗ ಹೋದಾಗ ದಾರ ಬಿಚ್ಚಿ ಬದಲ ಮಾಡಿ ಕಟ್ಟೇನಿ. ಯಾರ ಖಾರ ಅವರಿಗೆ ಮುಟ್ಟೇತಿ. ಮಾನ ಉಳಸೇನಿ ನಿಂದ!”

ಈಗಂತೂ ಮುಗಿಯಿತು ಎಂದುಕೊಂಡೆ. ಕಿರಿಯಳು ಒಂದು ತುತ್ತು ಉಂಡರೆ ಸಾಕು, ಗೊತ್ತಾಗಿಯೇ ಆಗುತ್ತದೆ.

ತಿಂಗಳ ಮೇಲೆ ಬಂದಳು. ಮುಖದ ತುಂಬ ನಗು.

“ನಮ್ಮತ್ತಿ ಈ ಸಲಾನೂ ನನ್ನ ಮನಿಯಾಗ ಥೂ ಅಂದ್ಳ್ರಿ, ಅಕ್ಕಾರ!” ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಆದ್ರ ಖರೇ ಹೇಳ್ಲ್ಯಾ? ಅತ್ತಿ ನಾಲಿಗಿ ಕೆಟ್ಟೇತಿ. ಎಂಥಾ ರುಚಿ ಐತ್ರಿ ಅಕ್ಕನ ಖಾರ! ನಾ ಸತ್ತ ಹುಟ್ಟಿದ್ರೂ ನನ್ನ ಕೈಗೆ ಬರೂದಿಲ್ಲ ಬಿಡ್ರಿ.”