ನಮ್ಮಪ್ಪನ ಮೊಣಕೈಯನ್ನು ಅಳಿಸಿ ಉಪಕರಿಸಿದ ಪಾಲಿಷ್ ಮಾಮನವರಿಗೆ

ಹಳೇ ಕಾರುಗಳ ಧನ್ವಂತರಿಗಳೂ, ಅನ್ಯರ ಬಾನೆಟ್ಟುಗಳ ಆಪದ್ಬಾಂಧವರೂ, ಕರೆಯದೆ ಒದಗುವವರಲ್ಲಿ ಅಗ್ರಗಣ್ಯರೂ, ಕಾರು ಪ್ರಿಯರೆಲ್ಲರ ಬಾಯಲ್ಲಿ ‘ಪಾಲಿಷ್ ಮಾಮ’ ಎಂದೇ ಖ್ಯಾತರೂ ಆದ ತಮ್ಮ ಸನ್ನಿಧಾನಕ್ಕೆ ಈ ಬಡವನ ಉದ್ದಂಡ ನಮಸ್ಕಾರಗಳು.

ಮಾನ್ಯರೇ,

ಕಳೆದ ಭಾನುವಾರದ ಹಳೇ ಕಾರುಗಳ ಪ್ರದರ್ಶನದಲ್ಲಿ ಮೂರನೇ ಸಾಲಿನ ಕೊನೆಗೆ ನಿಂತಿದ್ದ ಹಸಿರು ಕಾರಿನ ಮಾಲೀಕ ನಾನು. ತಾವು ಹೊತ್ತೆಲ್ಲ ಕಾರಿನ ಜೊತೆಗೇ ಮಾತಾಡುತ್ತಿದ್ದುದರಿಂದ ನನ್ನ ಮುಖ ತಮಗೆ ನೆನಪಿರಲಾರದು.

ಆಹಾ, ತಮ್ಮ ಆ ರಂಗಪ್ರವೇಶವನ್ನು ಏನೆಂದು ಬಣ್ಣಿಸಲಿ! ಗೇಟಿನಲ್ಲೇ ತಮ್ಮ ಕೆಂಪು ಕಾರಿನ ಆಕ್ಸಿಲರೇಟರನ್ನು ಮೂರು ಸಲ ತುಳಿದು ಮೈದಾನದ ಮಾತನ್ನೆಲ್ಲ ಅಡಗಿಸಿದಿರಿ. ಇಬ್ಬರ ಜಾಗದಲ್ಲಿ ಒಂದೇ ಕಾರನ್ನು ಅಡ್ಡಡ್ಡ ನಿಲ್ಲಿಸಿದಿರಿ. ನೆಟ್ಟಗೆ ನನ್ನಲ್ಲಿಗೆ ಬಂದು, ಒಂದು ಮಾತೂ ಕೇಳದೆ ಬಾನೆಟ್ ಎತ್ತಿ, ಒಳಗಿನ ಬೋಲ್ಟುಗಳು ಆ ಕಾಲದವಲ್ಲವೆಂದು ನಮ್ಮ ಭಾವನ ಎದುರಿಗೇ ಸಾರಿದಿರಿ. ಅಂದಿನಿಂದ ಭಾವ ನನ್ನನ್ನು ‘ಬೋಲ್ಟ್ ರಾಯರೇ’ ಎಂದೇ ಕರೆಯುತ್ತಾನೆ. ಅದನ್ನೂ ಹೊಟ್ಟೆಗೆ ಹಾಕಿಕೊಂಡೆ. ತಾವು ಸೀಟಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡದ್ದನ್ನೂ, ಹಾರ್ನ್ ಒತ್ತಿ ಅದರ ಗಂಟಲು ಸರಿಯಿಲ್ಲವೆಂದದ್ದನ್ನೂ ಹೊಟ್ಟೆಗೆ ಹಾಕಿಕೊಂಡೆ. ನನ್ನ ಹೊಟ್ಟೆ ದೊಡ್ಡದು, ಸ್ವಾಮಿ, ಆದರೆ ಅದಕ್ಕೂ ಒಂದು ತಳವಿದೆ.

ಆ ಕಾರನ್ನು ನಮ್ಮಪ್ಪ ಮೂವತ್ತೊಂದು ವರ್ಷ ಬಾಡಿಗೆಗೆ ಓಡಿಸಿದವರು. ಬಿಸಿಲಿರಲಿ, ಚಳಿಯಿರಲಿ, ಗಾಜು ಇಳಿಸಿ ಬಾಗಿಲ ಅಂಚಿಗೆ ಮೊಣಕೈ ಊರಿಯೇ ಓಡಿಸಿದರು. ಊರಿದಲ್ಲಿ ಮೊದಲು ಹೊಳಪು ಹೋಯಿತು, ಆಮೇಲೆ ಬಣ್ಣ ಹೋಯಿತು, ಕೊನೆಗೆ ಅಂಗೈಯಗಲ ಬರೀ ತಗಡು ಉಳಿದು ಬೆಳ್ಳಿಯಂತೆ ಮಿನುಗತೊಡಗಿತು. ಅಪ್ಪ ತೀರಿಕೊಂಡ ಮೇಲೆ ಕಾರಿಗೆ ಹೊಸ ಬಣ್ಣ ಹೊಡೆಸುವಾಗ, ಅಮ್ಮ ಪೇಂಟರನ ಶೆಡ್ಡಿಗೇ ಹೋಗಿ ನಿಂತು, ಅದೊಂದನ್ನು ಮುಟ್ಟಕೂಡದೆಂದು ಅಪ್ಪಣೆ ಮಾಡಿದರು. ಇದೊಂದು ಬೋಳು ಬಿಟ್ಟರೆ ತನ್ನ ಕೈಕೆಲಸಕ್ಕೆ ಜನ ನಗುತ್ತಾರೆಂದು ಪೇಂಟರ್ ಗೊಣಗಿದ. ಗೊಣಗುತ್ತಲೇ ಅದರ ಸುತ್ತ ಟೇಪು ಅಂಟಿಸಿ, ಹಳೇ ಪೇಪರ್ ಮುಚ್ಚಿ ಕಾಪಾಡಿದ. ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಕಾರು ಒರೆಸುವ ನೆಪದಲ್ಲಿ ಹೋಗಿ, ಅಲ್ಲಿ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು.

ಇನ್ನು ತಮ್ಮ ಮಹತ್ಕಾರ್ಯ. ನಾನು ಟೀ ಕುಡಿದು ಬರುವ ಕಾಲು ಗಂಟೆಯಲ್ಲಿ ತಾವು ‘ದಯವಿಟ್ಟು ಮುಟ್ಟಬೇಡಿ’ ಎಂಬ ಬೋರ್ಡನ್ನು, ಕೈಗೆ ಅಡ್ಡ ಬರುತ್ತದೆಂದು, ಬಹು ಗೌರವದಿಂದ ಪಕ್ಕಕ್ಕಿಟ್ಟಿರಿ. ತಮ್ಮ ಕಣ್ಣಿಗೆ ‘ಅಸಹ್ಯ’ವಾಗಿ ಕಂಡ ಆ ಬೋಳು ತಗಡನ್ನು ಉಪ್ಪುಕಾಗದದಿಂದ ಉಜ್ಜಿದಿರಿ. ಸದಾ ಜೊತೆಗೊಯ್ಯುವ ಪೆಟ್ಟಿಗೆಯ ಹನ್ನೊಂದು ಶೀಶೆಗಳನ್ನು ಕಲಸಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಸಿರನ್ನು ಸಾಧಿಸಿ ಬಳಿದಿರಿ. ನಾನು ಬಂದಾಗ ತಾವು ಬಾಗಿ, ಕೆನ್ನೆಯುಬ್ಬಿಸಿ, ಅದನ್ನು ಊದಿ ಒಣಗಿಸುತ್ತಿದ್ದಿರಿ. ನನ್ನ ಬಾಯಿ ಕಟ್ಟಿಹೋದದ್ದನ್ನು ಕೃತಜ್ಞತೆಯೆಂದು ತಿಳಿದು, ಕಾರಿನವರು ಕಾರಿನವರಿಗೆ ಇಷ್ಟೂ ಮಾಡದಿದ್ದರೆ ಹೇಗೆಂದು ಬೆನ್ನು ತಟ್ಟಿದಿರಿ. ತೀರ್ಪುಗಾರರು ಬಂದರು, ಕನ್ನಡಕ ಏರಿಸಿದರು, ಬಾಗಿಲನ್ನು ಮೆಚ್ಚಿ ನನಗೆ ಎರಡನೇ ಬಹುಮಾನ ಕೊಟ್ಟೇ ಹೋದರು!

ಮರುದಿನ ಬೆಳಿಗ್ಗೆ ಅಮ್ಮ ಅಲ್ಲಿ ಕೈಯಿಟ್ಟರು. ಸವರಿದರು. ಮತ್ತೆ ಸವರಿದರು. ಷೋಕೇಸಿನಲ್ಲಿದ್ದ ಬಹುಮಾನದ ಕಪ್ಪನ್ನೂ ನನ್ನನ್ನೂ ನೋಡಿ, “ಒಂದು ಲೋಟಕ್ಕೋಸ್ಕರ ನಿಮ್ಮಪ್ಪನ್ನ ಕಾರಿಂದ ಇಳಿಸಿಬಿಟ್ಯಲ್ಲೋ” ಎಂದರು. ಆರು ದಿನವಾಯಿತು, ಆಮೇಲೆ ಮಾತಿಲ್ಲ. ಯಾರೋ ಪರರು ದಾರಿಯಲ್ಲಿ ಬಂದು, ಕೇಳದೆ, ಪುಕ್ಕಟೆಯಾಗಿ, ನಿಂತ ಕಾರಿಗೆ ಬಣ್ಣ ಬಳಿದು ಹೋಗುತ್ತಾರೆಂದರೆ ಯಾವ ತಾಯಿ ತಾನೇ ನಂಬುತ್ತಾಳೆ, ಹೇಳಿ? ತಮ್ಮನ್ನು ಕಂಡವರು ಮಾತ್ರ ನಂಬಬಲ್ಲ ಸಂಗತಿಯಿದು.

ಬಣ್ಣ ಕೆರೆದು ತೆಗೆಯಬಹುದಂತೆ; ಆದರೆ ಕೆರೆದದ್ದು ಕೆರೆದ ಹಾಗೇ ಕಾಣುತ್ತದೆ, ಸವೆದ ಹಾಗಲ್ಲ ಎನ್ನುತ್ತಾನೆ ಪೇಂಟರ್. ಆದಕಾರಣ ತಮ್ಮಲ್ಲಿ ವಿನಂತಿ: ನಾಳೆಯಿಂದ ಬೆಳಗಿನ ಆರಕ್ಕೆ ಬಂದು, ತೋಳು ಮಡಚಿ, ಆ ಬಾಗಿಲಿಗೆ ಮೊಣಕೈಯೂರಿ, ಸಂಜೆಯವರೆಗೆ ಬಾಡಿಗೆ ಓಡಿಸತಕ್ಕದ್ದು. ಮೆತ್ತೆ ಇಟ್ಟುಕೊಳ್ಳುವಂತಿಲ್ಲ, ಬೆವರಬೇಕು. ತಮಗೀಗ ಅರವತ್ತೆರಡಂತೆ; ತೊಂಬತ್ತಮೂರಕ್ಕೆ ಕೆಲಸ ಮುಗಿಯುತ್ತದೆ. ಅವಸರವೇನಿಲ್ಲ.

ಇದು ಕಷ್ಟವೆನಿಸಿದರೆ ಇನ್ನೊಂದು ದಾರಿಯಿದೆ. ತಮ್ಮಂಥವರಿಗೆ ಅದು ಇದಕ್ಕಿಂತ ಕಷ್ಟವೆಂದು ಬಲ್ಲೆ. ಮನೆಗೆ ಬನ್ನಿ. ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳಿ. ಅಮ್ಮನ ಮುಂದೆ ನಿಂತು, ಇದು ಮಗನ ಕೆಲಸವಲ್ಲ, ನಾನೇ, ಕೇಳದೆ ಮಾಡಿದೆ ಎಂದು ಒಂದು ಮಾತು ಹೇಳಿ. ಕಪ್ಪನ್ನು ತಾವೇ ತೆಗೆದುಕೊಂಡು ಹೋಗಿ, ಗೆದ್ದವರು ತಾವು.

ತಮ್ಮ ವಿಶ್ವಾಸಿ, ಹಾಗೂ ಸದ್ಯಕ್ಕೆ ಮನೆಯಲ್ಲಿ ಮಾತು ಕಳೆದುಕೊಂಡಿರುವ,
ಮೂರನೇ ಸಾಲಿನ ಹಸಿರು ಕಾರಿನವ

ವಿ.ಸೂ.: ಬರುವಾಗ ಶೀಶೆಯ ಪೆಟ್ಟಿಗೆಯನ್ನು ದಯವಿಟ್ಟು ಗೇಟಿನಾಚೆಯೇ ಇಟ್ಟು ಬನ್ನಿ. ಅಮ್ಮನ ತಲೆಗೂದಲು ಪೂರ್ತಿ ನರೆತಿದೆ, ಮುಂದಿನ ಹಲ್ಲೊಂದು ಮುರಿದಿದೆ. ಎರಡೂ ಒರಿಜಿನಲ್.