ಹಲಸೂರಿಗೆ ಎಷ್ಟು ಓ?

ಸಿದ್ಧಲಿಂಗೇಶನಿಗೆ ಮೌಸ್ ಹಿಡಿಯುವವರನ್ನು ಕಂಡರೆ ತಾತ್ಸಾರ. ಅವನ ಕಂಪ್ಯೂಟರಿನಲ್ಲಿ ಸದಾ ಒಂದು ಕಪ್ಪು ಪರದೆ ತೆರೆದಿರುತ್ತಿತ್ತು. ಅದರಲ್ಲಿ ಅಪ್ಪಣೆಯನ್ನು ಟೈಪು ಮಾಡಿ ಎಂಟರ್ ಒತ್ತಿದರೆ ಕೆಲಸ ತಾನಾಗಿ ನಡೆಯಬೇಕು. ಈ ವಿದ್ಯೆ ಕಲಿತು ಅವನಿಗೆ ಎರಡೇ ತಿಂಗಳಾಗಿತ್ತು. ಗರ್ವ ಮಾತ್ರ ಇಪ್ಪತ್ತು ವರ್ಷದ್ದು.

ಇಂದಿರಾನಗರದ ಅವನ ಕಂಪನಿ ಮನೆಮನೆಗೆ ನೀರು ಶುದ್ಧಿ ಮಾಡುವ ಯಂತ್ರ ಮಾರುತ್ತಿತ್ತು. ಯಂತ್ರಗಳು ಕೆಡುತ್ತಿದ್ದವು. ಜನ ದೂರು ಬರೆಯುತ್ತಿದ್ದರು. ಆ ದೂರುಗಳೆಲ್ಲ ಬಂದು ಬೀಳುವ ಇನ್‌ಬಾಕ್ಸಿಗೆ ಸಿದ್ಧಲಿಂಗೇಶ ಆರು ವರ್ಷದಿಂದ ಕಾವಲು. ಕಾವಲು ಎಂದೆನಲ್ಲ, ಅದು ಸರಿಯಾದ ಮಾತೇ. ಅವನು ಅವನ್ನು ಕಾಯುತ್ತಿದ್ದ, ಓದುತ್ತಿರಲಿಲ್ಲ. ಹನ್ನೊಂದು ಸಾವಿರ ಪತ್ರಗಳು ಹಾಗೆಯೇ ಬಿದ್ದಿದ್ದವು. ಹನ್ನೊಂದು ಸಾವಿರ ಜನ ಕುಳಿತು ಬರೆದ ಸಂಕಟ ಅದು. ದೇವರಿಗಾದರೂ ಅಷ್ಟು ಮೊರೆ ಒಟ್ಟಿಗೆ ಬರುತ್ತದೋ ಇಲ್ಲವೋ.

ಆ ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಆಶಾರಾಣಿ ಬಂದು ಅವನ ಮೇಜಿನ ಮುಂದೆ ನಿಂತರು.

“ಸಿದ್ಧಲಿಂಗೇಶ್, ನಾಲ್ಕು ಗಂಟೆಗೆ ಮುನಿಆಂಜನಪ್ಪ ಸರ್ ಬರ್ತಿದಾರೆ. ದೊಡ್ಡ ಸಾಹೇಬ್ರು, ಗೊತ್ತಲ್ಲ? ಇನ್‌ಬಾಕ್ಸ್ ನೀಟಾಗಿದ್ರೆ ನಿಮ್ಮನ್ನ ಟ್ರೈನಿಂಗ್ ವಿಭಾಗಕ್ಕೆ ಹಾಕ್ತಾರಂತೆ. ಇಲ್ಲಾಂದ್ರೆ ಈ ಕುರ್ಚೀಲೇ ರಿಟೈರ್ ಆಗ್ರೀ.”

“ನಾಲ್ಕು ಗಂಟೆ ಯಾಕೆ ಮೇಡಂ? ನಾಲ್ಕು ನಿಮಿಷ ಸಾಕು,” ಎಂದ ಸಿದ್ಧಲಿಂಗೇಶ.

ಪಕ್ಕದ ಮೇಜಿನ ಕಲೀಮುಲ್ಲಾ ಶಿವಾಜಿನಗರದವರು, ವಯಸ್ಸಾದವರು. ಕನ್ನಡಕದ ಮೇಲಿಂದ ನೋಡಿ ಕೇಳಿದರು: “ನಕಲು ತೆಗ್ದಿಟ್ರಾ ಭಾಯಿ?”

“ಸಾಬ್ರೇ, ನೀವು ಕಾರ್ಬನ್ ಪೇಪರ್ ಕಾಲದೋರು. ಸುಮ್ನೆ ಕೂತು ನೋಡಿ.”

ಊರೂರಿಗೆ ಒಂದೊಂದು ಫೋಲ್ಡರ್ ಮಾಡಿ, ಆಯಾ ಊರಿನ ಹೆಸರಿರುವ ಪತ್ರ ಆಯಾ ಫೋಲ್ಡರಿಗೆ ಹೋಗಬೇಕೆಂದು ಅವನು ಅಪ್ಪಣೆ ಬರೆದ. ಎಂಟರ್ ಒತ್ತಿದ. ಹಲಸೂರಿನ ಫೋಲ್ಡರಿಗೆ ಬಂದು ಬಿದ್ದದ್ದು ಒಂಬತ್ತೇ ಪತ್ರ.

“ಅಷ್ಟೇನಾ?” ಎಂದು ಬಗ್ಗಿ ನೋಡಿದ ರಯಾನ್. ಫ್ರೇಜರ್ ಟೌನಿನ ಹುಡುಗ, ಹೊಸದಾಗಿ ಸೇರಿದವನು. “ಗುರು, ಜನ ಹಲಸೂರು ಅಂತ ಬರೀತಾರಾ? ಅಲ್ಸೂರ್ ಅಂತಾರೆ. ಇಂಗ್ಲಿಷಲ್ಲಿ ಕೆಲವ್ರು ಮೊದ್ಲು ಯು ಹಾಕ್ತಾರೆ, ಕೆಲವ್ರು ಎ ಹಾಕ್ತಾರೆ.”

ಸರಿ, ಅವೆಲ್ಲಕ್ಕೂ ಅಪ್ಪಣೆಯಾಯಿತು. ಆಮೇಲೆ ಫ್ರೇಜರ್ ಟೌನಿನ ಸರದಿ. ಒಬ್ಬರು ಜೆಡ್ ಹಾಕಿದ್ದರು, ಇನ್ನೊಬ್ಬರು ಎಸ್ ಹಾಕಿದ್ದರು, ಮತ್ತೊಬ್ಬರು ಪುಲಿಕೇಶಿನಗರ ಎಂದಿದ್ದರು. ಕೆ.ಆರ್. ಪುರಕ್ಕೆ ಚುಕ್ಕೆ ಇಟ್ಟವರದು ಒಂದು ಫೋಲ್ಡರಿಗೆ, ಇಡದವರದು ಇನ್ನೊಂದಕ್ಕೆ ಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮೂವತ್ತೇಳು ಫೋಲ್ಡರ್ ಹುಟ್ಟಿದ್ದವು. ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕುವವನ ಹಾಗಿತ್ತು ಸಿದ್ಧಲಿಂಗೇಶನ ಮುಖ.

“ಪುಲಿಕೇಶಿನಗರ ಬೇರೆ, ಫ್ರೇಜರ್ ಟೌನ್ ಬೇರೆ,” ಎಂದು ರಯಾನ್ ಹಟ ಹಿಡಿದ.

“ಎರಡೂ ಒಂದೇ ಕಣೋ! ನಾನು ಹುಟ್ಟಿದ್ದೇ ಅಲ್ಲಿ,” ಎಂದು ಕಲೀಮುಲ್ಲಾ ಎದ್ದು ನಿಂತರು.

ಆ ಜಗಳ ಮುಗಿಯುವಾಗ ಗಂಟೆ ಮೂರೂವರೆ. ಆಶಾರಾಣಿ ಓಡಿ ಬಂದರು.

“ಏನ್ರೀ ಇದು, ಸಂತೆ? ಎಲ್ಲ ವಾಪಸ್ ಸೇರ್ಸಿ ಒಂದೇ ಫೋಲ್ಡರಿಗೆ ತುಂಬ್ರೀ. ಇನ್‌ಬಾಕ್ಸ್ ಖಾಲಿ ಕಂಡ್ರೆ ಸಾಕು. ನಮ್ದು ಹಲಸೂರು ಡಿವಿಷನ್ ತಾನೆ? ಅದೇ ಹೆಸರಿಡಿ.”

ಸಿದ್ಧಲಿಂಗೇಶ ಆ ಫೋಲ್ಡರುಗಳಲ್ಲಿದ್ದ ಪತ್ರವನ್ನೆಲ್ಲ ಇನ್‌ಬಾಕ್ಸಿಗೆ ಸುರಿದು, ಖಾಲಿ ಫೋಲ್ಡರುಗಳನ್ನು ಅಳಿಸಿದ. ಹಲಸೂರು ಎಂದು ಇಂಗ್ಲಿಷಿನಲ್ಲಿ ‘ಸೂ’ಗೆ ಒಂದೇ ಯು ಹಾಕಿ ಹೊಸ ಫೋಲ್ಡರ್ ಮಾಡಿದ. ಹನ್ನೊಂದು ಸಾವಿರ ಪತ್ರವೂ ಅಲ್ಲಿಗೆ ಹೋಗಲಿ ಎಂದು ಅಪ್ಪಣೆ ಬರೆಯುತ್ತಿರುವಾಗ ಆಶಾರಾಣಿ ಹೆಗಲ ಮೇಲಿಂದ ಇಣುಕಿದರು.

“ಅಯ್ಯೋ, ಡಬಲ್ ಓ ಹಾಕ್ರೀ! ನಮ್ಮ ಬೋರ್ಡಲ್ಲಿ ಹಂಗೇ ಇರೋದು. ಸಾಹೇಬ್ರು ಸ್ಪೆಲ್ಲಿಂಗ್ ನೋಡ್ತಾರೆ.”

ಅವನು ಅಪ್ಪಣೆಯಲ್ಲಿ ಎರಡು ಓ ಹಾಕಿದ. ಫೋಲ್ಡರಿನ ಹೆಸರನ್ನು ತಿದ್ದುವುದು ಮರೆತ. ಎಂಟರ್ ಒತ್ತಿದ.

ಕಪ್ಪು ಪರದೆ ಪಾಪ, ಪ್ರಶ್ನೆ ಕೇಳುವ ಜಾತಿಯದಲ್ಲ. ಎರಡು ಓ ಇರುವ ಫೋಲ್ಡರ್ ಅದಕ್ಕೆ ಸಿಗಲಿಲ್ಲ. ಹಾಗಾದರೆ ಇದು ಪತ್ರಕ್ಕಿಡಬೇಕಾದ ಹೊಸ ಹೆಸರೇ ಇರಬೇಕೆಂದುಕೊಂಡಿತು. ಮೊದಲನೆಯ ಪತ್ರಕ್ಕೆ ಆ ಹೆಸರಿಟ್ಟಿತು. ಎರಡನೆಯದಕ್ಕೂ ಅದೇ ಹೆಸರಿಟ್ಟಿತು, ಮೊದಲನೆಯದು ಅಳಿಸಿಹೋಯಿತು. ಮೂರನೆಯದು ಬಂದು ಎರಡನೆಯದನ್ನು ನುಂಗಿತು. ಹೀಗೆ ಹನ್ನೊಂದು ಸಾವಿರದವರೆಗೂ ನುಂಗುತ್ತ ಹೋಗಿ, ಕೊನೆಗೆ ಆ ಮಧ್ಯಾಹ್ನವಷ್ಟೇ ಬಂದ ಒಂದೇ ಒಂದು ಪತ್ರ ಉಳಿಯಿತು.

“ನಕಲು…” ಎಂದು ಶುರು ಮಾಡಿದ ಕಲೀಮುಲ್ಲಾ, ಸಿದ್ಧಲಿಂಗೇಶನ ಮುಖದಲ್ಲೇ ಉತ್ತರ ಓದಿ ಕನ್ನಡಕ ಒರೆಸತೊಡಗಿದರು.

ಅಷ್ಟರಲ್ಲಿ ಮುನಿಆಂಜನಪ್ಪ ಒಳಗೆ ಬಂದೇಬಿಟ್ಟರು. ಪರದೆ ನೋಡಿದರು. ಹುಬ್ಬು ಮೇಲೇರಿತು.

“ಇಷ್ಟು ದೊಡ್ಡ ಡಿವಿಷನ್ನಿಗೆ ಒಂದೇ ದೂರಾ? ಭೇಷ್ ಕಣಯ್ಯಾ! ಬೇರೆ ಕಡೆ ಸಾವಿರಗಟ್ಟಲೆ ಕೊಳೀತಾ ಬಿದ್ದಿದೆ.”

ಸಿದ್ಧಲಿಂಗೇಶ ಕುರ್ಚಿಯಲ್ಲಿ ನೆಟ್ಟಗೆ ಕೂತ. ದೇವರೂ ಒಮ್ಮೊಮ್ಮೆ ಮೂರ್ಖರ ಪಕ್ಷ ಎಂದುಕೊಂಡ. ಆಶಾರಾಣಿ ಕೈ ಮುಗಿದು ನಕ್ಕರು. ಸಾಹೇಬರು ಆ ಒಂದು ಪತ್ರವನ್ನು ತೆರೆದು ಗಟ್ಟಿಯಾಗಿ ಓದಿದರು:

“‘ಮೂರು ವರ್ಷದಿಂದ ಬರೆಯುತ್ತಿದ್ದೇನೆ. ಇದು ನನ್ನ ನಲವತ್ತೊಂದನೆಯ ಪತ್ರ. ಒಂದಕ್ಕೂ ಉತ್ತರವಿಲ್ಲ. ಪಟಾಲಮ್ಮ, ಹಲಸೂರು.’”

ಸಾಹೇಬರು ಸಿದ್ಧಲಿಂಗೇಶನತ್ತ ತಿರುಗಿದರು.

“ಏನ್ರೀ ಇದು? ಇರೋದೇ ಒಂದು ದೂರು. ಅದಕ್ಕೂ ಮೂರು ವರ್ಷ ಕೈ ಹಾಕಿಲ್ವಾ? ಸಾವಿರ ಇದ್ದಿದ್ರೆ ಕೆಲಸ ಜಾಸ್ತಿ ಅನ್ಬಹುದಿತ್ತು.”

“ಸರ್, ಒಂದಲ್ಲ ಸರ್…”

“ಮತ್ತೆಷ್ಟು?”

ಸಿದ್ಧಲಿಂಗೇಶ ಆಶಾರಾಣಿಯವರನ್ನು ನೋಡಿದ. ಅವರು ಫ್ಯಾನು ನೋಡುತ್ತಿದ್ದರು.

“ಒಂದೇ ಸರ್,” ಎಂದ.

“ಪತ್ರದ ಕೆಳಗೆ ಫೋನ್ ನಂಬರ್ ಇದೆಯಲ್ಲ, ಮಾಡಿ. ನನ್ನೆದುರಿಗೇ ಮಾಡಿ.”

ಸ್ಪೀಕರಿನಲ್ಲಿ ಮುದುಕಿಯ ದನಿ ಬಂತು. “ಯಾರಪ್ಪಾ?”

“ಅಮ್ಮಾ, ವಾಟರ್ ಮೆಷಿನ್ ಕಂಪನಿಯಿಂದ. ತಮ್ಮ ತೊಂದರೆ ಏನು ಅಂತ…”

“ಈಗ ಕೇಳ್ತಿದ್ಯಾ? ನಲವತ್ತೊಂದು ಸಲ ಬರ್ದಿದ್ದೀನಿ, ಬೆರಳು ಸವೆದ್ಹೋಗಿದೆ. ಇನ್ನೊಂದ್ಸಲ ಹೇಳಲ್ಲ. ತೆಗ್ದು ಓದ್ಕೋ!” ಫೋನು ಕಟ್ಟಾಯಿತು.

ಮುನಿಆಂಜನಪ್ಪ ಬಾಗಿಲ ಕಡೆ ಹೊರಟರು.

“ಆಯಮ್ಮ ಹೇಳಿದ್ದು ನ್ಯಾಯ. ಹಳೇ ಪತ್ರ ನಲವತ್ತೂ ತೆಗ್ದು ಓದಿ, ಅದನ್ನ ಬಗೆಹರಿಸಿ, ಆಮೇಲೆ ಟ್ರೈನಿಂಗ್ ಮಾತು. ಅಲ್ಲೀವರೆಗೂ ಈ ಕುರ್ಚಿ ನಿಮ್ದೇ.”